ತಿದಿಯ ಒಳಮಡಿಕೆಯಲ್ಲೊಂದು ಕಿವಿಗುರುತು

ಮಧುಗಿರಿಯ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಇನ್ನೂ ಬೀದಿದೀಪ ಆರಿಲ್ಲ. ಪಾವಗಡದ ಮೊದಲ ಬಸ್ಸು ಎರಡು ಸಲ ಹಾರ್ನ್ ಹೊಡೆದು ಈಗಷ್ಟೇ ಹೊರಟಿದೆ. ಗಲ್ಲಿಯ ಕೊನೆಯ ಅಂಗಡಿಯ ಬಾಗಿಲು ಒಂದೇ ಒಂದು ಗೇಣು ತೆರೆದಿದೆ. ಒಳಗೆ ಒಬ್ಬರು ತಲೆಯಿಂದ ಸೊಂಟದವರೆಗೆ ಕರಿ ಕಂಬಳಿ ಹೊದ್ದು, ಬಾಗಿಲಿಗೆ ಮುಖ ಮಾಡಿ ಕೂತಿದ್ದಾರೆ. ಗೊತ್ತಿಲ್ಲದವರು ನೋಡಿದರೆ ಪಾಪ, ಚಳಿಜ್ವರ ಅಂದುಕೊಂಡಾರು. ಜ್ವರವೂ ಇಲ್ಲ, ಮಣ್ಣೂ ಇಲ್ಲ. ಕ್ಯಾತಣ್ಣ ಸೂರ್ಯನಿಗೆ ಕಾಯುತ್ತಿದ್ದಾರೆ.

ಸೂರ್ಯ ಬರುತ್ತಾನೆ. ಬಾಗಿಲ ಸಂದಿಯಿಂದ ಅಡ್ಡಡ್ಡ ತೂರಿ ಬಂದ ಬಿಸಿಲು ಕ್ಯಾತಣ್ಣನವರ ಕೈಯಲ್ಲಿರುವ ವಸ್ತುವಿನ ಮೇಲೆ ಬೀಳುತ್ತದೆ. ಅದು ಹಳೇ ಕಾಲದ ದೊಡ್ಡ ಮರದ ಕ್ಯಾಮೆರಾದ ನಡುವಿನ ಭಾಗ. ಹಾರ್ಮೋನಿಯಂನಂತೆ ಮಡಿಕೆ ಮಡಿಕೆಯಾಗಿ ಹಿಗ್ಗಿ ಕುಗ್ಗುವ ತೊಗಲಿನ ಚೀಲ. ಕಮ್ಮಾರನ ತಿದಿಯನ್ನು ನೋಡಿ ಬೆಳೆದ ಕ್ಯಾತಣ್ಣ ಅದನ್ನೂ ತಿದಿ ಎಂದೇ ಕರೆಯುತ್ತಾರೆ. ಈಗ ಈ ಸೀಮೆಯ ಸ್ಟುಡಿಯೋದವರೆಲ್ಲ ಹಾಗೇ ಕರೆಯುವುದು. ಕಂಬಳಿಯ ಕತ್ತಲಲ್ಲಿ ಕಣ್ಣಿಟ್ಟು ತಿದಿಯ ಒಳಗೆ ನೋಡಿದರೆ, ಎಲ್ಲಿ ಸೂಜಿಮೊನೆಯಷ್ಟು ತೂತಿದೆಯೋ ಅಲ್ಲಿ ಬಿಸಿಲು ಚುಕ್ಕಿಯಾಗಿ ಕಾಣುತ್ತದೆ. ಆ ಒಂದು ಚುಕ್ಕಿ ಸಾಕು ಫೋಟೋ ಕೆಡಿಸುವುದಕ್ಕೆ.

"ಮದ್ಯಾನದ್ ಬಿಸ್ಲು ನೆತ್ತಿ ಮ್ಯಾಲಿಂದ ಬೀಳ್ತೈತೆ, ಅದು ಪ್ರಯೋಜನ ಇಲ್ಲ. ಹೊತ್ ಮೂಡೋ ಬಿಸ್ಲು ಹೆಂಗೆ ಅಂದ್ರೆ, ಸೀದಾ ಮನೆಗೇ ನುಗ್ತೈತೆ. ಕಳ್ ತೂತು ಅದ್ರ ಕಣ್ಣಿಗೆ ತಪ್ಪಿಸ್ಕಳಾಕಾಗಲ್ಲ" ಎನ್ನುವುದು ಅವರ ವಿವರಣೆ. ಬೆಳಿಗ್ಗೆ ಸಿಗುವುದು ಬರೀ ಇಪ್ಪತ್ತು ನಿಮಿಷ. ಈ ಅಂಗಡಿ ಇಟ್ಟ ಹದಿನಾರು ವರ್ಷದಿಂದ ಆ ಇಪ್ಪತ್ತು ನಿಮಿಷವನ್ನು ಅವರು ಹಾಸಿಗೆಗೆ ಬಿಟ್ಟುಕೊಟ್ಟವರಲ್ಲ.

ಇವತ್ತು ಗುರುವಾರ. ಕೈಯಲ್ಲಿರುವುದು ಶಿರಾದ ರುದ್ರಯ್ಯ ಮೇಷ್ಟ್ರ ಕ್ಯಾಮೆರಾ. ತಿದಿಯಲ್ಲಿ ಒಂದೂ ತೂತಿಲ್ಲ. ಆದರೆ ಕೊನೆಯ ಮಡಿಕೆಯ ಒಳಅಂಚಿನಲ್ಲಿ ಬೆರಳಿಗೆ ಏನೋ ತಗುಲಿ ಕ್ಯಾತಣ್ಣನವರ ಕೈ ನಿಂತುಬಿಡುತ್ತದೆ. ಒಂದು ಸಣ್ಣ ಕಚ್ಚು. ಭತ್ತದ ಕಾಳಿನಷ್ಟು ಉದ್ದ. ಅದನ್ನು ಹಾಕಿದ ಕೈ ಅವರದೇ. ಬಿಸಿಲು ಹೊಸ್ತಿಲು ದಾಟಿ ಮೇಲೆ ಹೋದರೂ ಅವರು ಕಂಬಳಿ ತೆಗೆಯುವುದಿಲ್ಲ.

ಅಂಬಲಿ ತಂದ ಹೆಂಡತಿ ಹೊನ್ನಕ್ಕ ಬಾಗಿಲಲ್ಲೇ ನಿಂತು ನೋಡುತ್ತಾರೆ. "ಏನ್ ಅದ್ರೊಳಗೇ ಮನ್ಗಿಬುಟ್ಟಾ?" ಒಳಗಿಂದ ಉತ್ತರ ಬರುತ್ತದೆ: "ಹೊನ್ನಿ, ಕೆಟ್ಟೆ ಕಣೇ. ಮೇಷ್ಟ್ರು ಕ್ಯಾಮೆರಾದಾಗೂ ನಮ್ ಗುರ್ತು ಐತೆ."

ಕೆಟ್ಟದ್ದು ಯಾಕೆ ಅಂತ ತಿಳಿಯಬೇಕಾದರೆ ಮೇಷ್ಟ್ರ ಬಳಗದ ಸಂಗತಿ ಗೊತ್ತಾಗಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಹಳೇ ಕ್ಯಾಮೆರಾಗಳ ಹುಚ್ಚು ಹತ್ತಿಸಿಕೊಂಡ ಹದಿನೈದು ಜನರಿದ್ದಾರೆ. ನಿವೃತ್ತ ಹೆಡ್‌ಮಾಸ್ಟರ್ ರುದ್ರಯ್ಯನವರು ಅವರ ಮುಖಂಡರು. ವರ್ಷಕ್ಕೊಂದು ಭಾನುವಾರ ಕೊರಟಗೆರೆ ಕಡೆಯ ಸಿದ್ದರಬೆಟ್ಟದ ತಪ್ಪಲಿನ ಛತ್ರದಲ್ಲಿ ಸೇರುತ್ತಾರೆ. ಚಿತ್ರಾನ್ನ ತಿನ್ನುವವರೆಗೂ ಎಲ್ಲರೂ ಅಣ್ಣತಮ್ಮಂದಿರೇ. ಕೈ ತೊಳೆದ ಮೇಲೆ ಶುರು ಜಗಳ. ಯಾವ ಕ್ಯಾಮೆರಾ ಕ್ಲಾಸಿಕ್, ಯಾವುದು ಬರೀ ಹಳೇ ಸಾಮಾನು? ಮೂವತ್ತು ವರ್ಷ ದಾಟಿದ್ದೆಲ್ಲ ಕ್ಲಾಸಿಕ್ ಎಂದು ಒಬ್ಬರು. ಹಾಗಾದರೆ ನಮ್ಮ ಅತ್ತೆಯೂ ಕ್ಲಾಸಿಕ್ಕೇ ಎಂದು ಇನ್ನೊಬ್ಬರು. ಜರ್ಮನಿಯದಾದರೆ ಮಾತ್ರ ಎಂದು ಮಗದೊಬ್ಬರು ಮೇಜು ಕುಟ್ಟುತ್ತಾರೆ.

ಕ್ಯಾತಣ್ಣ ಬಳಗದ ಸದಸ್ಯರಲ್ಲ. ಬಾಗಿಲ ಬಳಿ ಸ್ಕ್ರೂಡ್ರೈವರ್ ಇಟ್ಟುಕೊಂಡು ಕೂತು, ಬಂದ ಕ್ಯಾಮೆರಾಗಳ ಷಟರ್ ಓಡುತ್ತದೋ ಇಲ್ಲವೋ, ಬೆಳಕು ಸೋರುತ್ತದೋ ಹೇಗೆ, ಅಷ್ಟನ್ನು ನೋಡಿಕೊಡುವುದು ಅವರ ಕೆಲಸ. ಷಟರನ್ನು ಕಿವಿಗೆ ಹಿಡಿದು ಒಮ್ಮೆ ಬಿಟ್ಟರೆ ಸಾಕು, "ಇದು ಕುಂಟ್ತೈತೆ" ಅಂದುಬಿಡುತ್ತಾರೆ. ಅವರು ಕುಂಟುತ್ತದೆ ಅಂದ ಕ್ಯಾಮೆರಾ ನೆಟ್ಟಗೆ ನಡೆದ ಉದಾಹರಣೆಯಿಲ್ಲ. ಕ್ಲಾಸಿಕ್ ಎಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ. ಅವರ ಪಾಲಿಗೆ ಅವು "ಹಿರೀಕ್ರು".

"ವಯಸ್ಸಾದೋರೆಲ್ಲ ಹಿರೀಕ್ರಾಗ್ತಾರಾ ಸ್ವಾಮಿ? ನಾಕ್ ಜನ ಕರ್ದು ಕುಂಡ್ರುಸ್ಕಂಡು, 'ನೀನೊಂದ್ ಮಾತ್ ಹೇಳಪ್ಪ' ಅನ್ಬೇಕು. ಆವಾಗ ಹಿರೀಕ. ಇಲ್ದಿದ್ರೆ ಬರೀ ಮುದ್ಕ" ಎಂದು ನಗುತ್ತಾರೆ.

ಈ ವರ್ಷ ಮಾತ್ರ ಬಳಗದ ಜಗಳಕ್ಕೆ ಗಂಭೀರತೆ ಬಂದಿದೆ. ಮುಂದಿನ ತಿಂಗಳು ತುಮಕೂರಿನಲ್ಲಿ ಸಾರ್ವಜನಿಕರಿಗಾಗಿ ಪ್ರದರ್ಶನ. ಹನ್ನೊಂದು ಕ್ಯಾಮೆರಾಗಳು ಆಯ್ಕೆಯಾಗಿವೆ. ಯಾವುದೋ ಪರದೇಶದ ಪತ್ರಿಕೆ ಓದಿಕೊಂಡ ಮೇಷ್ಟ್ರು ಹೊಸ ನಿಯಮ ತಂದಿದ್ದಾರೆ. ಬದಲಾಯಿಸಿದ ಭಾಗ ಒಂದಿದ್ದರೂ ಅದು ಕ್ಲಾಸಿಕ್ ಅಲ್ಲ. ಪ್ರತಿಯೊಂದಕ್ಕೂ ಒಂದು ಹಾಳೆ, ಅದರಲ್ಲಿ ಟೈಪು ಮಾಡಿದ ಒಂದೇ ಸಾಲು: "ತಪಾಸಣೆ ಮಾಡಿದ್ದೇನೆ, ಎಲ್ಲ ಭಾಗಗಳೂ ಮೂಲದವೇ." ಕೆಳಗೆ ಸಹಿಗೆ ಜಾಗ. ಸಹಿ ಮಾಡಬೇಕಾದವರು ಕ್ಯಾತಣ್ಣ. ಇಷ್ಟು ವರ್ಷದಲ್ಲಿ ಬಳಗದ ಕಾಗದವೊಂದರಲ್ಲಿ ಅವರ ಹೆಸರು ಬರುವುದು ಇದೇ ಮೊದಲು. ಹೊನ್ನಕ್ಕ ಅದಕ್ಕೆಂದೇ ಹೊಸ ಪೆನ್ನು ತರಿಸಿದ್ದಾರೆ.

ಈಗ ಕಂಬಳಿಯೊಳಗಿನ ಕಷ್ಟ ಅರ್ಥವಾಗಬೇಕು. ಹನ್ನೊಂದರಲ್ಲಿ ಎಂಟಕ್ಕೆ ತೊಗಲು ಹಾಕಿದ್ದು ತಾವೇ ಎಂಬುದು ಹಾಳೆ ಕೈಗೆ ಬಂದ ದಿನದಿಂದ ಅವರಿಗೆ ಗೊತ್ತು. ಯಾವ ಯಾವುದೋ ಸ್ಟುಡಿಯೋದವರಿಗೆ ಎಂದೋ ಮಾಡಿಕೊಟ್ಟದ್ದು. ಆಮೇಲೆ ಕ್ಯಾಮೆರಾಗಳು ಕೈಯಿಂದ ಕೈಗೆ ಹೋಗಿ ಹವ್ಯಾಸಿಗಳ ಬೀರು ಸೇರಿವೆ. ಕೊಂಡವರು ಕೇಳಿರಲಿಲ್ಲ, ಇವರು ಹೇಳಿರಲಿಲ್ಲ. ಮೇಷ್ಟ್ರು ಹೋದ ವರ್ಷ ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡುತಂದ, ತೇಗದ ಮೈಯ, ಹಿತ್ತಾಳೆ ಮೂಲೆಯ, ಹಳೇ ರೂಪ ಕಾಣದಂತೆ ವಾರ್ನಿಶ್ ಬಳಿದುಕೊಂಡು ಮದುವಣಿಗನಂತೆ ಮಿರುಗುವ ಆ ದೊಡ್ಡ ಕ್ಯಾಮೆರಾವಾದರೂ ಪಾರಾದೀತೆಂದು ನಂಬಿದ್ದರು. ಪ್ರದರ್ಶನದಲ್ಲಿ ಮೊದಲ ಮೇಜು ಅದಕ್ಕೇ. ಈಗ ಅದೂ ಹೋಯಿತು. ಸಹಿ ಹಾಕಿದರೆ ಸುಳ್ಳು. ಹಾಕದಿದ್ದರೆ ಮೇಷ್ಟ್ರು ಎರಡು ವರ್ಷ ಓಡಾಡಿ ಕೂಡಿಸಿದ ಪ್ರದರ್ಶನ ಮಣ್ಣುಪಾಲು, ತಮ್ಮ ಮೇಲಿನ ನಂಬಿಕೆಯೂ ಅದರ ಜೊತೆಗೇ. ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಕುರಿ ಕಾಯುವ ಮನೆಯ ಮಗ ಕ್ಯಾಮೆರಾಕ್ಕೆ ತೊಗಲು ಹೊಂದಿಸುವವನಾದದ್ದು ಒಂದು ಆಡುಮರಿಯ ಕೃಪೆಯಿಂದ. ಎಪ್ಪತ್ತೊಂದನೇ ಇಸವಿಯ ಬೇಸಿಗೆ. ಪಾವಗಡ ಕಡೆಯಿಂದ ಬಂದು ಮಧುಗಿರಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಕದಿರಯ್ಯನವರು ಕ್ಯಾತಣ್ಣನ ಹಳ್ಳಿಗೆ ಮದುವೆ ಫೋಟೋ ತೆಗೆಯಲು ಬಂದಿದ್ದರು. ಮೂರು ಕಾಲಿನ ಮೇಲೆ ಕ್ಯಾಮೆರಾ ನಿಲ್ಲಿಸಿ, ಬೀಗರನ್ನು ಸಾಲಾಗಿ ನಿಲ್ಲಿಸಲು ಚಪ್ಪರದೊಳಗೆ ಹೋದರು. ಬೀಗರು ಸಾಲಾಗಿ ನಿಲ್ಲುವುದೆಂದರೆ ಸುಮ್ಮನೆ ಮಾತೇ? ವಾಪಸು ಬರುವಷ್ಟರಲ್ಲಿ ಕ್ಯಾತಣ್ಣನ ಹಿಂಡಿನ ಮರಿಯೊಂದು ಮುಂಗಾಲು ಎತ್ತಿಟ್ಟು, ಕೈಬೆವರಿನ ಉಪ್ಪು ಹತ್ತಿದ್ದ ತಿದಿಯನ್ನು ಅರ್ಧ ಮೇದು ಮುಗಿಸಿತ್ತು.

"ಏಂರಾ, ನಿನ್ ಮೇಕೆ ನನ್ ಬದುಕನ್ನೇ ಮೇದ್ಬುಡ್ತಲ್ಲರಾ!" ಎಂದು ಕದಿರಯ್ಯನವರು ತಲೆ ಮೇಲೆ ಕೈ ಹೊತ್ತು ಕೂತರಂತೆ. ಇಪ್ಪತ್ತೆರಡರ ಪ್ರಾಯದ ಕ್ಯಾತಣ್ಣ, ಒಂದು ತಿಂಗಳು ಟೈಮು ಕೊಡಿ ಎಂದು ಕೇಳಿ ಹರಿದ ತಿದಿಯನ್ನು ಹೊತ್ತುಕೊಂಡು ಮನೆಗೆ ಹೋದರು. ಮಡಿಕೆ ಎಣಿಸಿದರು. ಇಪ್ಪತ್ತೆರಡು. ಬಿಚ್ಚಿ ನೋಡಿದರೆ ಒಂದೊಂದು ಮಡಿಕೆಗೆ ನಾಲ್ಕು ಮಗ್ಗುಲು, ಒಟ್ಟು ಎಂಬತ್ತೆಂಟು ಕಾಗದದ ಪಟ್ಟಿ. ತೊಗಲಿಗೆ ಆಡುಮರಿಯದೇ ಚರ್ಮ, ಕೊರಟಗೆರೆ ಕಡೆಯ ಗಂಗಹನುಮಯ್ಯನವರು ತಂಗಡಿ ಗಿಡದ ಚಕ್ಕೆಯಲ್ಲಿ ಹದ ಮಾಡಿದ್ದು. ಅಂಟಿಗೆ, ಮನೆಯಲ್ಲಿ ಕಂಬಳಿ ನೂಲಿಗೆ ಹಾಕುವ ಹುಣಸೆಬೀಜದ ಗಂಜಿ. ಹುಳ ಬೀಳದಿರಲಿ ಅಂತ ಅದಕ್ಕೊಂದು ಚಿಟಿಕೆ ಮೈಲುತುತ್ತ.

"ಮರಿ ತಿಂದಿದ್ದನ್ನ ಮರಿ ತೊಗಲಲ್ಲೇ ತುಂಬ್ಕೊಟ್ಟೆ" ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಅಭ್ಯಾಸಬಲದಿಂದ ಒಂದು ಕೆಲಸ ಮಾಡಿದರು. ಅವರ ಮನೆತನದ ಹಿಂಡಿಗೆಲ್ಲ ಎಡಗಿವಿಯಲ್ಲಿ ಒಂದು ಕಚ್ಚು ಹಾಕುವ ರೂಢಿ. ಬೇರೆ ಹಿಂಡಿಗೆ ಸೇರಿಹೋದರೆ ಗುರುತು ಹಿಡಿಯಲು. ಹಾಗೆಯೇ ತಿದಿಯ ಕೊನೆಯ ಮಡಿಕೆಯಲ್ಲೂ ಎಡಕ್ಕೆ ಕಚ್ಚಿಟ್ಟರು. ಆದರೆ ಆಗಿನ್ನೂ ಕೆಲಸ ಹೊಸದು, ತಿದಿಯ ಒಳಮೈ ಹೊರಗೆ ತಿರುವಿ ಹಿಡಿದುಕೊಂಡಿದ್ದರು. ನೆಟ್ಟಗೆ ಮಾಡಿದಾಗ ನೋಡಿದರೆ ಎಡಗಿವಿ ಹೋಗಿ ಬಲಗಿವಿ ಆಗಿತ್ತು! ಆಮೇಲೆ ಮಾಡಿದವಕ್ಕೆಲ್ಲ ಸರಿಯಾಗಿ ಎಡಕ್ಕೇ ಬಿದ್ದಿದೆ. ಬಲಗಿವಿಯದು ಅದೊಂದೇ.

ಹೊಸ ತಿದಿಯನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದ ಕದಿರಯ್ಯನವರು ಅದನ್ನು ಕ್ಯಾಮೆರಾಕ್ಕೆ ಕೂರಿಸಿದರು. ಆಮೇಲೆ, "ಕುರಿ ನಿಮ್ ತಮ್ಮ ಕಾಯ್ಲಿ, ನೀನ್ ನನ್ ತಾವ ಬಾ" ಅಂದರು. ಎಂಟು ವರ್ಷ ಜೊತೆಯಲ್ಲಿಟ್ಟುಕೊಂಡು ಷಟರು, ಲೆನ್ಸು, ಸ್ಪ್ರಿಂಗು ಎಲ್ಲ ಕಲಿಸಿದರು. ಸಹಿ ಮಾಡುವುದನ್ನೂ ಅವರೇ ಕಲಿಸಿದ್ದು. ಎಪ್ಪತ್ತೊಂಬತ್ತರಲ್ಲಿ ತೀರಿಕೊಂಡರು. ಮನೆಯವರು ಸ್ಟುಡಿಯೋ ಮುಚ್ಚಿ ಸಾಮಾನು ಮಾರಿದರು. ಆ ವಾರ ಕ್ಯಾತಣ್ಣ ಕಂಬಳಿ ನೂಲಿಗೆಂದು ಊರಿಗೆ ಹೋಗಿದ್ದರು. ಬರುವಷ್ಟರಲ್ಲಿ ಗುರುಗಳ ಕ್ಯಾಮೆರಾ ಎಲ್ಲಿಗೋ ಹೊರಟುಹೋಗಿತ್ತು. ಇವತ್ತಿಗೂ ಆ ಮಾತು ಬಂದರೆ ಅವರು ಎದ್ದು ಹೋಗಿ ಬೀಡಿ ಹಚ್ಚಿಕೊಳ್ಳುತ್ತಾರೆ.

ಈಗ ಒಂದು ತಿದಿಗೆ ಒಂಬತ್ತು ದಿನ ಹಿಡಿಯುತ್ತದೆ. ಮೂರು ದಿನ ತೊಗಲನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಹೆರೆಯುವುದಕ್ಕೇ ಬೇಕು. ಎಡಗೈ ಹೆಬ್ಬೆರಳಲ್ಲಿ ಉಳಿಯ ಗಾಯದ ಗುರುತುಗಳನ್ನು ಎಣಿಸುವುದನ್ನು ಹೊನ್ನಕ್ಕ ಬಿಟ್ಟುಬಿಟ್ಟಿದ್ದಾರೆ. ಇಲ್ಲಿಯವರೆಗೆ ಮಾಡಿದವು ನೂರಾ ನಲವತ್ತಮೂರು. "ಕುರಿ ಎಣಿಸ್ದೋನಿಗೆ ಇದೇನ್ ಕಷ್ಟ" ಅನ್ನುತ್ತಾರೆ. ಕಷ್ಟ ಬೇರೆ ಕಡೆಯಿದೆ. ತಿದಿಯೇ ಇಲ್ಲದ ಸಣ್ಣ ಕ್ಯಾಮೆರಾಗಳು ಬಂದ ಮೇಲೆ ಸ್ಟುಡಿಯೋದವರು ದೊಡ್ಡವನ್ನು ಅಟ್ಟಕ್ಕೆ ಹಾಕಿದ್ದಾರೆ. ಹೋದ ವರ್ಷ ಬಂದ ಕೆಲಸ ಐದೇ. ಕಣ್ಣೂ ಮೊದಲಿನಂತಿಲ್ಲ. ಕಂಬಳಿಯೊಳಗೆ ಕಂಡ ಚುಕ್ಕಿ ತೂತಿನದೋ ಕಣ್ಣಿನದೋ ಎಂದು ಕೆಲವು ಸಲ ಹೊನ್ನಕ್ಕನನ್ನೂ ಮುಸುಕಿನೊಳಗೆ ಕರೆಯಬೇಕಾಗುತ್ತದೆ. "ಮದ್ವೆಯಾದ್ ಹೊಸ್ದಾಗೂ ಇಂಗೆ ಕರ್ದಿರ್ಲಿಲ್ಲ ಕಣಮ್ಮ" ಎಂದು ಆಕೆ ಪಕ್ಕದ ಅಂಗಡಿಯವರಿಗೆ ಕೇಳುವ ಹಾಗೆ ಹೇಳುತ್ತಾರೆ.

ಗುರುವಾರ ಕಂಬಳಿಯೊಳಗೆ ಅವರ ಬೆರಳಿಗೆ ತಗುಲಿದ ಕಚ್ಚು ಬಲಗಡೆಗಿತ್ತು. ಅದನ್ನು ಅವರು ಹೊನ್ನಕ್ಕನಿಗೂ ಹೇಳಲಿಲ್ಲ.

ಭಾನುವಾರ ಛತ್ರದಲ್ಲಿ ಚಿತ್ರಾನ್ನ ಮುಗಿದಿದೆ. ಹನ್ನೊಂದು ಕ್ಯಾಮೆರಾಗಳು ಚಾಪೆಯ ಮೇಲೆ ಸಾಲಾಗಿ ಕೂತಿವೆ. ಮೇಷ್ಟ್ರು ಕನ್ನಡಕ ಏರಿಸಿ ಹಾಳೆಗಳನ್ನು ಒಂದೊಂದಾಗಿ ತಿರುವುತ್ತಾರೆ. ಹುಬ್ಬು ಗಂಟಾಗುತ್ತದೆ.

"ಏನಯ್ಯ ಕ್ಯಾತಣ್ಣ, ಎರಡಕ್ಕೆ ಮಾತ್ರ ಸಹಿ ಹಾಕಿದ್ದೀಯ! ಹೊಸ ಪೆನ್ನಲ್ಲಿ ಶಾಯಿ ಮುಗಿದುಹೋಯ್ತಾ?"

"ಶಾಯಿ ಐತೆ ಸ್ವಾಮಿ. ಮಿಕ್ಕಿದ್ ಒಂಬತ್ರದ್ದು ತೊಗಲು ಮೂಲದ್ದಲ್ಲ."

"ಯಾರಪ್ಪ ಹೇಳಿದ್ದು?"

"ಹಾಕ್ದೋನೇ ನಾನು." ಕ್ಯಾತಣ್ಣ ಬಾಗಿಲ ಬಳಿಯಿಂದ ಎದ್ದು ಬಂದು, ಒಂದೊಂದೇ ಕ್ಯಾಮೆರಾದ ಬೆನ್ನು ಬಿಚ್ಚಿ, ಕೊನೆಯ ಮಡಿಕೆ ಬಿಡಿಸಿ ಕಚ್ಚು ತೋರಿಸುತ್ತಾರೆ. "ನಮ್ ಸೀಮೆ ಬಿಸ್ಲಿಗೆ ಆ ಪರದೇಸದ್ ತೊಗಲು ಇಪ್ಪತ್ ವರ್ಸ ತಡ್ಯಲ್ಲ ಸ್ವಾಮಿ. ಅವರ ಅಂಟು ಅಂದ್ರೆ ಜಿರಳೇಗೆ ಹೋಳಿಗೆ ಇದ್ದಂಗೆ. ನಾನು ಮುಂಚೇನೇ ಹೇಳ್ಬೇಕಿತ್ತು. ತಪ್ಪಾತು."

ಕೋತಿಯೊಂದು ಬಾಳೆಹಣ್ಣಿನ ಸಿಪ್ಪೆ ಎತ್ತಿಕೊಂಡು ಹೋದರೂ ಯಾರೂ ಓಡಿಸುವುದಿಲ್ಲ. "ನನ್ನದೂನಾ?" ಎನ್ನುತ್ತಾರೆ ಮೇಷ್ಟ್ರು.

ಆಗ ಬಾಯಿ ಬಿಟ್ಟವರು ಕೊರಟಗೆರೆ ಅಂಚೆ ಕಚೇರಿಯ ಗುಮಾಸ್ತೆ ಶಿವರುದ್ರಮ್ಮ, ಬಳಗದ ಏಕೈಕ ಮಹಿಳಾ ಸದಸ್ಯೆ. ಪ್ರದರ್ಶನಕ್ಕೆಂದು ಮೇಷ್ಟ್ರು ಆಗಲೇ ಇನ್ನೂರು ಪ್ರತಿ ಅಚ್ಚು ಹಾಕಿಸಿದ್ದ ಕರಪತ್ರವನ್ನು ತೆಗೆದು ಅವರು ಗಟ್ಟಿಯಾಗಿ ಓದತೊಡಗುತ್ತಾರೆ. "'ಮೊದಲ ಮೇಜಿನ ಕ್ಯಾಮೆರಾದ ತೊಗಲಿನ ಕುಸುರಿಯನ್ನು ಪ್ರೇಕ್ಷಕರು ವಿಶೇಷವಾಗಿ ಗಮನಿಸಬೇಕು. ಇಂಥ ಕೆಲಸ ನಮ್ಮ ನಾಡಿನ ಕೈಗಳಿಂದ ಎಂದಿಗೂ ಸಾಧ್ಯವಾಗದು.' ಮೇಷ್ಟ್ರೇ, ಇದು ಬರೆದೋರು ನೀವೇ ಅಲ್ವಾ?"

ಮೊದಲು ಒಬ್ಬರು ಕಿಸಕ್ಕೆಂದರು. ಆಮೇಲೆ ಇಡೀ ಛತ್ರ ಬಿದ್ದು ಬಿದ್ದು ನಕ್ಕಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆಯನ್ನು ಮೂವತ್ತು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಮೇಷ್ಟ್ರು ಮಾತ್ರ ನಗಲಿಲ್ಲ. ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಮಡಿಕೆಗಳ ಮೇಲೆ ನಿಧಾನವಾಗಿ ಬೆರಳಾಡಿಸಿದರು. ಆಮೇಲೆ ಕೇಳಿದರು: "ಇನ್ನೆರಡಕ್ಕೆ ಸಹಿ ಹಾಕಿದ್ದೀಯಲ್ಲ, ಅವುಗಳ ತೊಗಲು ಹೇಗೆ ಉಳೀತು?"

"ಅವನ್ನ ಯಾರೂ ಮುಟ್ಟೇ ಇಲ್ಲ ಸ್ವಾಮಿ. ಕೊಂಡ್ ದಿನದಿಂದ ಪೆಟ್ಗೆ ಒಳಗೇ ಮನ್ಗವೆ. ಫೋಟೋ ತೆಗ್ದಿದ್ರೆ ತಾನೆ ಸವ್ಯಾದು."

"ಹಾಗಾದರೆ ಕ್ಲಾಸಿಕ್ ಯಾವುದು? ನೀನೇ ಹೇಳು." ಹದಿನೈದು ಜನ ಬಾಗಿಲ ಬಳಿಯ ಮನುಷ್ಯನನ್ನು ನಡುವೆ ಕೂರಿಸಿಕೊಂಡು ಮಾತು ಕೇಳುತ್ತಿದ್ದರು. ಕ್ಯಾತಣ್ಣ ಕುತ್ತಿಗೆ ಕೆರೆದುಕೊಂಡರು.

"ನಂಗೇನ್ ಗೊತ್ತು ಸ್ವಾಮಿ, ಓದ್ದೋರು ನೀವು. ಆದ್ರೆ ಒಂದು. ಕೆಟ್ಟು ಕುಂತಾಗ, 'ಅಯ್ಯೋ, ಇದನ್ನ ಇಂಗೇ ಬುಡಬಾರ್ದು, ಹೆಂಗಾದ್ರೂ ಮಾಡಿ ಏಳುಸ್ಬೇಕು' ಅಂತ ಒಬ್ರಿಗಾದ್ರೂ ಕರ್ಳು ಚುರ್ ಅನ್ಬೇಕು. ಅಂದ್ರೆ ಅದು ಹಿರೀಕ. ಈ ಒಂಬತ್ತನ್ನೂ ಯಾರೋ ಹೊತ್ಕಂಡು ನನ್ ತಾವ ಬಂದಿದ್ರು."

ಚರ್ಚೆ ಬಹಳ ಹೊತ್ತು ನಡೆಯಲಿಲ್ಲ. ಮೇಷ್ಟ್ರು ಹೊನ್ನಕ್ಕ ತರಿಸಿದ್ದ ಅದೇ ಹೊಸ ಪೆನ್ನನ್ನು ಇಸಿದುಕೊಂಡು, ಹಾಳೆಗಳಲ್ಲಿದ್ದ ಟೈಪು ಸಾಲನ್ನು ಒಂದೊಂದಾಗಿ ಹೊಡೆದುಹಾಕಿದರು. ಇನ್ನೂರು ಕರಪತ್ರಗಳಲ್ಲೂ "ಎಂದಿಗೂ ಸಾಧ್ಯವಾಗದು" ಎಂಬುದನ್ನು ತಮ್ಮ ಕೈಯಾರೆ ತಿದ್ದಲು ಶುರುವಿಟ್ಟರು. ಎಲ್ಲವನ್ನೂ ಪ್ರದರ್ಶನಕ್ಕೆ ಇಡುವುದು, ತೊಗಲು ಕ್ಯಾತಣ್ಣನದು ಎಂದು ಬರೆಯುವುದು ಎಂದಾಯಿತು. "ಬರ್ಯಾದಾದ್ರೆ ಹದ ಮಾಡ್ದ ಗಂಗಹನುಮಯ್ಯನ್ ಹೆಸ್ರೂ ಬರೀರಿ. ತೊಗಲು ನೆಟ್ಟಗಿಲ್ದಿದ್ರೆ ನಾನೇನ್ ಮಡುಚ್ಲಿ?" ಎಂದು ಕ್ಯಾತಣ್ಣ ಹಟ ಹಿಡಿದರು. ಹಟ ಗೆದ್ದಿತು.

ಸಂಜೆ ಎಲ್ಲರೂ ಚದುರಿದ ಮೇಲೆ ಮೇಷ್ಟ್ರು ಹತ್ತಿರ ಬಂದು ಕೂತರು. "ಇನ್ನು ಮೇಲಾದರೂ ನಿನ್ನ ಗುರುತನ್ನ ಹೊರಗಡೆ ಹಾಕಯ್ಯ. ನಾಲ್ಕು ಜನ ನೋಡಲಿ. ನಾಚಿಕೆ ಏನು ಬಂತು?"

ಕ್ಯಾತಣ್ಣ ಮೇಷ್ಟ್ರ ಕ್ಯಾಮೆರಾವನ್ನು ಹತ್ತಿರ ಎಳೆದುಕೊಂಡರು. ಆ ಬಲಗಡೆಯ ಕಚ್ಚನ್ನು ಮತ್ತೊಮ್ಮೆ ಮುಟ್ಟಿ, ಆಡುಮರಿಯಿಂದ ಹಿಡಿದು ಕದಿರಯ್ಯನವರ ಸಾವಿನವರೆಗಿನದೆಲ್ಲ ಹೇಳಿದರು. ಕೈ ಪಳಗದ ಆ ದಿನಗಳಲ್ಲಿ ಹದಿನಾಲ್ಕನೇ ಮಡಿಕೆ ಸೊಟ್ಟಗೆ ಬಿದ್ದಿರುವುದನ್ನೂ ತೋರಿಸಿದರು. ಕೇಳುತ್ತಾ ಕೇಳುತ್ತಾ ಮೇಷ್ಟ್ರ ಕಣ್ಣು ತುಂಬಿತು. ಕ್ಯಾಮೆರಾ ನೀನೇ ಇಟ್ಟುಕೋ ಎಂದರೆ ಕ್ಯಾತಣ್ಣ ಬೇಡವೆಂದು ತಲೆಯಾಡಿಸಿದರು. ಪ್ರದರ್ಶನ ಮುಗಿದ ಮೇಲೆ ಅದರಲ್ಲಿ ಹೊನ್ನಕ್ಕನದೊಂದು ಫೋಟೋ ತೆಗೆಯಲು ಬಿಟ್ಟರೆ ಸಾಕಂತೆ. ಸೊಟ್ಟ ಮಡಿಕೆಯನ್ನು ಸರಿಮಾಡುತ್ತೀಯಾ ಎಂದರೆ ಅದಕ್ಕೂ ಬೇಡವೆಂದೇ ತಲೆಯಾಡಿಸಿದರು.

"ಗುರ್ತು ಹಾಕಾದು ತೋರ್ಸ್ಕಳಾಕಲ್ಲ ಸ್ವಾಮಿ" ಎಂದರು ಕೊನೆಗೆ, ಕಂಬಳಿಯನ್ನು ಮಡಿಸಿ ಹೆಗಲಿಗೆ ಹಾಕಿಕೊಳ್ಳುತ್ತಾ. "ತಪ್ಪಿಸ್ಕಂಡು ಹೋದದ್ದು ಒಂದಿನ ಎದುರಿಗೆ ಬಂದ್ರೆ, ನಮ್ದೇ ಅಂತ ಗೊತ್ತಾಗ್ಲಿ ಅಂತ ಹಾಕಾದು. ಬಂತಲ್ಲ."